ಪತ್ರಿಕೆಗೆ ತಂತ್ರಜ್ಞಾನ ಅಂಕಣ ಬರೆಯುವುದು ಹೇಗೆ: ಹೊಸಬರಿಗೊಂದು ಮಾರ್ಗದರ್ಶಿ

1991ರ ಅಕ್ಟೋಬರ್ 17ರಂದು ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ದಿನಪತ್ರಿಕೆಯಲ್ಲಿ ವಾಲ್ಟ್ ಮಾಸ್‌ಬರ್ಗ್ ಅವರ ತಂತ್ರಜ್ಞಾನ ಅಂಕಣ ಆರಂಭವಾಯಿತು. ಪರ್ಸನಲ್ ಕಂಪ್ಯೂಟರುಗಳನ್ನು ಬಳಸುವುದು ವಿಪರೀತ ಕಷ್ಟ, ಅದು ನಿಮ್ಮ ತಪ್ಪಲ್ಲ ಎಂಬ ಅರ್ಥದ ವಾಕ್ಯದಿಂದ ಅವರು ಅಂಕಣವನ್ನು ತೆರೆದರು. ಕಂಪ್ಯೂಟರ್ ಬರಹಗಳು ಬಹುಪಾಲು ಅದನ್ನು ಬಲ್ಲವರಿಗಾಗಿಯೇ ಇದ್ದ ಕಾಲದಲ್ಲಿ ಈ ಅಂಕಣಕಾರರು ಯಂತ್ರದೊಡನೆ ಹೆಣಗುತ್ತಿದ್ದವರ ಪಕ್ಕದಲ್ಲಿ ಬಂದು ಕುಳಿತರು, ಮತ್ತು ಅದೇ ಪತ್ರಿಕೆಯಲ್ಲಿ 2013ರ ಕೊನೆಯವರೆಗೂ ಅಲ್ಲಿಂದ ಏಳಲಿಲ್ಲ. ಪತ್ರಿಕೆಗೆ ತಂತ್ರಜ್ಞಾನದ ಬಗ್ಗೆ ಬರೆಯಬೇಕು, ಎಲ್ಲಿಂದ ಆರಂಭಿಸಲಿ ಎಂದು ಕೇಳುವ ಕಿರಿಯರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ಅಂಕಣವನ್ನು ಓದಿದವರು ಪತ್ರಿಕೆಯನ್ನು ಮಡಚಿಟ್ಟು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ, ನಾವು ಹೇಳಿದ ಕಡೆ ಬೆರಳಿಡುತ್ತಾರೆ. ಆ ಬೆರಳಿಗೆ ನಾವು ಜವಾಬ್ದಾರರು. ಈ ಮಾರ್ಗದರ್ಶಿಯಲ್ಲಿರುವ ಪ್ರತಿಯೊಂದು ಸಲಹೆಯೂ ಆ ಒಂದು ಜವಾಬ್ದಾರಿಯಿಂದ ಹುಟ್ಟಿದ್ದು.

ಎಂಜಿನಿಯರಿಂಗ್ ಪದವಿ ಇಲ್ಲದವರು ಈ ಕೆಲಸಕ್ಕೆ ಕೈಹಾಕಬಹುದೇ ಎಂಬ ಅಳುಕು ಹಲವರಿಗಿರುತ್ತದೆ. ಮಾಸ್‌ಬರ್ಗ್ ಓದಿದ್ದು ರಾಜ್ಯಶಾಸ್ತ್ರ ಮತ್ತು ಪತ್ರಿಕೋದ್ಯಮ. ಅಂಕಣಕ್ಕೆ ಮುನ್ನ ಅವರು ರಕ್ಷಣೆ ಮತ್ತು ವಿದೇಶಾಂಗ ವ್ಯವಹಾರಗಳ ವರದಿಗಾರರಾಗಿದ್ದರು. ಕನ್ನಡದಲ್ಲಿ ಪ್ರಯೋಗಾಲಯದಿಂದ ಪತ್ರಿಕೆಯತ್ತ ನಡೆದು ಬಂದವರೂ ಇದ್ದಾರೆ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಕನ್ನಡಪ್ರಭದಲ್ಲಿ ‘ಗಣಕಿಂಡಿ’, ಪ್ರಜಾವಾಣಿಯಲ್ಲಿ ‘ಗ್ಯಾಜೆಟ್ ಲೋಕ’ ಅಂಕಣಗಳನ್ನು ಬರೆದರು. ರಕ್ಷಣಾ ಸಂಶೋಧನೆಯ ಕ್ಷೇತ್ರದಲ್ಲಿದ್ದ ಹಾಲ್ದೊಡ್ಡೇರಿ ಸುಧೀಂದ್ರ ಅವರು ವಿಜ್ಞಾನ ಮತ್ತು ತಂತ್ರಜ್ಞಾನಗಳನ್ನು ದಿನಪತ್ರಿಕೆಯ ಓದುಗರಿಗೆ ತಲುಪಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ಎರಡೂ ದಾರಿಗಳು ತೆರೆದಿವೆ. ವಿಜ್ಞಾನದಿಂದ ಬಂದವರು ವಾಕ್ಯವನ್ನು ಕಲಿಯಬೇಕು, ಬರವಣಿಗೆಯಿಂದ ಬಂದವರು ಯಂತ್ರವನ್ನು ಕಲಿಯಬೇಕು, ಇಷ್ಟೇ ವ್ಯತ್ಯಾಸ.

ಮೊದಲ ಕೆಲಸ ಬರೆಯುವುದಲ್ಲ, ಕೇಳಿಸಿಕೊಳ್ಳುವುದು

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಮೂರು ತಿಂಗಳು ಅದರಲ್ಲಿ ಬೇರೆಯವರ ಪ್ರಶ್ನೆಗಳನ್ನು ಮಾತ್ರ ಬರೆಯಿರಿ. ಬ್ಯಾಂಕಿನ ಸಾಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಎದುರಿನ ಬೆಂಚಿನಲ್ಲಿ ಜನ ಆಡುವ ಮಾತಿನಲ್ಲೇ ಪ್ರಶ್ನೆಗಳು ಸಿಗುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ‘ಸ್ಟೋರೇಜ್ ಫುಲ್ ಅಂತ ಬರ್ತಾನೇ ಇದೆ, ಏನು ಡಿಲೀಟ್ ಮಾಡಿದರೂ ಹೋಗೋದಿಲ್ಲ’ ಎಂದು ನಿವೃತ್ತ ಶಿಕ್ಷಕರೊಬ್ಬರು ಹೇಳಿದರೆ ಅದನ್ನು ‘ಮೆಮೊರಿ ನಿರ್ವಹಣೆಯ ಸಮಸ್ಯೆ’ ಎಂದು ತಿದ್ದಿ ಬರೆದುಕೊಳ್ಳಬೇಡಿ. ಅವರು ಏನನ್ನೋ ಡಿಲೀಟ್ ಮಾಡುತ್ತಿದ್ದಾರೆ, ಅದು ಟ್ರ್ಯಾಶ್ ಫೋಲ್ಡರಿನಲ್ಲಿ ಹಾಗೆಯೇ ಕುಳಿತಿದೆ ಎಂಬ ಸುಳಿವು ಅವರ ವಾಕ್ಯದಲ್ಲೇ ಇದೆ. ತಿದ್ದಿದರೆ ಸುಳಿವು ಕಳೆದುಹೋಗುತ್ತದೆ.

ಹೀಗೆ ಕೂಡಿದ ಪ್ರಶ್ನೆಗಳನ್ನು ತಿರುವಿ ಹಾಕಿದರೆ ನಿಮ್ಮ ಓದುಗರು ಯಾರೆಂದು ತಿಳಿಯುತ್ತದೆ. ಹೊಸ ಐಫೋನ್ ಯಾವ ಬಣ್ಣದಲ್ಲಿ ಬರುತ್ತದೆ ಎಂದು ತಿಳಿಯಲು ಬಯಸುವವರು ಅದನ್ನು ಹಿಂದಿನ ರಾತ್ರಿಯೇ ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ಬೆಳಗಿನ ಪತ್ರಿಕೆಯಲ್ಲಿ ತಂತ್ರಜ್ಞಾನದ ಪುಟವನ್ನು ನಂಬಿ ಓದುವವರು ಬೇರೆ: ಪಿಂಚಣಿದಾರರು, ಅಂಗಡಿಯಲ್ಲಿ ಕ್ಯೂಆರ್ ಕೋಡ್ ಅಂಟಿಸಿಕೊಂಡಿರುವ ವ್ಯಾಪಾರಿಗಳು, ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕಾದ ತಾಯಂದಿರು, ಪಹಣಿಯನ್ನು ಮೊಬೈಲಿನಲ್ಲಿ ತೆಗೆಯಲು ನೋಡುವ ರೈತರು. ಇವರಲ್ಲಿ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಅಂಕಣ ಬರೆಯಬೇಕು. ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಂಡು ಬರೆದದ್ದು ಯಾರ ಕೈಗೂ ಹತ್ತುವುದಿಲ್ಲ.

ಪತ್ರಿಕೆಯ ಬಾಗಿಲು

ಸಂಪಾದಕರಿಗೆ ಪತ್ರ ಬರೆಯುವ ಮುನ್ನ ಎಂಟು ಅಂಕಣಗಳನ್ನು ಬರೆದು ಮುಗಿಸಿ. ಮೊದಲ ಮೂರು ಎಲ್ಲರಿಗೂ ಬರುತ್ತವೆ. ಹಲವು ವರ್ಷಗಳಿಂದ ಮನಸ್ಸಿನಲ್ಲಿದ್ದ ಸಂಗತಿಗಳು ಅವುಗಳಲ್ಲಿ ಖರ್ಚಾಗುತ್ತವೆ. ಐದನೆಯದಕ್ಕೆ ವಿಷಯ ಹುಡುಕುವಾಗ, ಏಳನೆಯದನ್ನು ಜ್ವರದಲ್ಲಿಯೋ ಕೆಲಸದ ಒತ್ತಡದಲ್ಲಿಯೋ ಮುಗಿಸುವಾಗ, ವಾರಕ್ಕೊಂದು ಬರಹ ಕೊಡುವುದೆಂದರೆ ಏನೆಂದು ಗೊತ್ತಾಗುತ್ತದೆ. ಎಂಟು ಸಿದ್ಧವಾದ ಮೇಲೆ ಅವುಗಳಲ್ಲಿ ಒಳ್ಳೆಯ ಮೂರನ್ನು ಪುರವಣಿ ವಿಭಾಗದ ಮುಖ್ಯಸ್ಥರಿಗೆ ಕಳಿಸಿ. ಪ್ರಧಾನ ಸಂಪಾದಕರ ಹೆಸರಿಗೆ ಹೋದ ಪತ್ರ ಮೇಜಿನಿಂದ ಮೇಜಿಗೆ ಸುತ್ತುತ್ತಿರುತ್ತದೆ; ವಾರದ ಪುಟವನ್ನು ತುಂಬಿಸಬೇಕಾದ ಹೊಣೆ ಹೊತ್ತವರಿಗೆ ಹೊಸ ಬರಹಗಾರರು ಬೇಕಾಗಿರುತ್ತಾರೆ.

ಕಳಿಸುವ ಮುನ್ನ ಆ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ಎರಡು ತಿಂಗಳು ಓದಿ, ಅಲ್ಲಿ ಏನಿಲ್ಲ ಎಂಬುದನ್ನು ಗುರುತಿಸಿ. ಮೊಬೈಲ್ ವಿಮರ್ಶೆ ಈಗಾಗಲೇ ಬರುತ್ತಿದ್ದರೆ ನೀವೂ ಅದನ್ನೇ ಕೊಡುವುದರಲ್ಲಿ ಅರ್ಥವಿಲ್ಲ. ಸೈಬರ್ ವಂಚನೆಯ ಬಗೆಗಾಗಲಿ, ಸರ್ಕಾರಿ ಆನ್‌ಲೈನ್ ಸೇವೆಗಳ ಬಗೆಗಾಗಲಿ ಕ್ರಮವಾಗಿ ಬರೆಯುವವರು ಇಲ್ಲದಿದ್ದರೆ ಅದೇ ನಿಮ್ಮ ಜಾಗ. ಅಂಕಣದ ಅಳತೆಯನ್ನು ಕೇಳಿ ತಿಳಿದುಕೊಳ್ಳಿ. ಐನೂರು ಪದ ಎಂದರೆ ಐನೂರು; ಏಳುನೂರು ಕಳಿಸಿ ‘ಬೇಕಾದಷ್ಟು ಕತ್ತರಿಸಿಕೊಳ್ಳಿ’ ಎನ್ನುವುದು ಉಪಸಂಪಾದಕರಿಗೆ ಹೊರೆ, ನಿಮ್ಮ ಬರಹಕ್ಕೆ ಅಪಾಯ. ಆ ಅಪಾಯ ಎಂಥದೆಂದು ನನ್ನ ಅನುಭವದಿಂದಲೇ ಮುಂದೆ ಹೇಳುತ್ತೇನೆ.

ಪರೀಕ್ಷಿಸದೆ ಬರೆಯಬಾರದು

ಕಂಪನಿಯ ಪತ್ರಿಕಾ ಪ್ರಕಟಣೆಯನ್ನು ಕನ್ನಡಕ್ಕೆ ಇಳಿಸಿದರೆ ಅದು ಅಂಕಣವಾಗುವುದಿಲ್ಲ, ಕಂಪನಿಯ ಪರವಾಗಿ ನೀವು ಉಚಿತವಾಗಿ ಬರೆದುಕೊಟ್ಟ ಜಾಹೀರಾತಾಗುತ್ತದೆ. ಉದಾಹರಣೆಗೆ, ‘50 ಮೆಗಾಪಿಕ್ಸೆಲ್ ಕ್ಯಾಮೆರಾ ನಿಮ್ಮ ಅಮೂಲ್ಯ ಕ್ಷಣಗಳನ್ನು ಅದ್ಭುತ ಸ್ಪಷ್ಟತೆಯಲ್ಲಿ ಸೆರೆಹಿಡಿಯುತ್ತದೆ’ ಎಂಬ ವಾಕ್ಯ ಪ್ರಕಟಣೆಯಲ್ಲಿರುತ್ತದೆ. ಇಂಥ ಹೆಚ್ಚಿನ ಫೋನುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ ಸುಮಾರು 12.5 ಮೆಗಾಪಿಕ್ಸೆಲ್‌ನ ಚಿತ್ರವನ್ನು ಕೊಡುತ್ತವೆ. ಮಂದ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರಲೆಂದು ಮಾಡಿದ ಏರ್ಪಾಡು ಅದು. ಇದನ್ನು ಅರಿತ ಅಂಕಣಕಾರರು ಸಂಜೆ ಆರೂವರೆಯ ಬೆಳಕಿನಲ್ಲಿ ಅಂಗಳದಲ್ಲಿ ಓಡಾಡುವ ಮಗುವಿನ ಹತ್ತು ಫೋಟೊ ತೆಗೆದು, ಅವುಗಳಲ್ಲಿ ಎಷ್ಟರಲ್ಲಿ ಮುಖ ಕಲಸಿಹೋಗಿದೆ ಎಂದು ಎಣಿಸಿ ಬರೆಯುತ್ತಾರೆ. ಓದುಗರಿಗೆ ಬೇಕಾದದ್ದು ಆ ಎಣಿಕೆ.

ಒಂದು ಫೋನನ್ನು ವಿಮರ್ಶಿಸಲು ಕನಿಷ್ಠ ಹತ್ತು ದಿನ ಅದನ್ನೇ ನಿಮ್ಮ ದಿನನಿತ್ಯದ ಫೋನಾಗಿ ಬಳಸಿ, ನಿಮ್ಮ ಸಿಮ್ ಹಾಕಿ, ನಿಮ್ಮ ಮನೆಯ ಸಿಗ್ನಲ್ ಸಿಗದ ಮೂಲೆಯಲ್ಲಿ ನಿಂತು ಮಾತನಾಡಿ ನೋಡಿ. ಬ್ಯಾಟರಿ ಬೆಳಗ್ಗೆ ಎಷ್ಟಿತ್ತು, ರಾತ್ರಿ ಎಷ್ಟು ಉಳಿಯಿತು ಎಂದು ದಿನವೂ ಬರೆದಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ, ಹತ್ತಿರದ ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಿದೆಯೇ ಅಥವಾ ಬೆಂಗಳೂರಿಗೇ ಬರಬೇಕೇ, ತಂತ್ರಾಂಶದ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೇವೆಂದು ಕಂಪನಿ ಹೇಳಿದೆ ಎಂಬುವು ಬೆಲೆಯಷ್ಟೇ ಮುಖ್ಯ. ಕನ್ನಡದ ಅಂಕಣಕಾರರು ಮಾತ್ರ ಮಾಡಬಲ್ಲ ಪರೀಕ್ಷೆಯೂ ಒಂದಿದೆ. ಕನ್ನಡ ಕೀಲಿಮಣೆಯಲ್ಲಿ ವೇಗವಾಗಿ ಟೈಪ್ ಮಾಡಿ, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ, ಮೆನುಗಳನ್ನು ಕನ್ನಡಕ್ಕೆ ಬದಲಿಸಿದಾಗ ಅಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆಯೇ, ಧ್ವನಿಯಿಂದ ಟೈಪಿಸುವ ಸೌಲಭ್ಯ ನಮ್ಮ ಊರಿನ ಉಚ್ಚಾರವನ್ನು ಹಿಡಿಯುತ್ತದೆಯೇ ಎಂದು ನೋಡಿ. ಹೊರದೇಶದ ಯಾವ ವಿಮರ್ಶೆಯಲ್ಲೂ ಇದು ಸಿಗುವುದಿಲ್ಲ.

ಈಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ವಿವರಣೆ ಬರೆಸಿಕೊಳ್ಳುವ ಅಭ್ಯಾಸ ಬೆಳೆದಿದೆ. ಅವು ಇಲ್ಲದ ಮೆನುವನ್ನು ಇರುವಂತೆಯೇ ಸರಾಗವಾಗಿ ಬರೆದುಕೊಡಬಲ್ಲವು. ಸೆಟ್ಟಿಂಗ್ಸ್ ತೆರೆದು ಆ ಹೆಸರಿನ ಆಯ್ಕೆಯನ್ನು ನಿಮ್ಮ ಕಣ್ಣಿನಿಂದ ಕಾಣುವವರೆಗೆ ಅದನ್ನು ಬರಹಕ್ಕೆ ಸೇರಿಸಬೇಡಿ.

ಅಂಕಿಯನ್ನು ಅನುಭವಕ್ಕೆ ಇಳಿಸುವುದು

ತಂತ್ರಜ್ಞಾನ ಅಂಕಣದ ನಿಜವಾದ ಕುಶಲತೆ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ‘40 ಎಂಬಿಪಿಎಸ್ ಇಂಟರ್‌ನೆಟ್ ಹಾಕಿಸಿದ್ದೇನೆ, ಡೌನ್‌ಲೋಡ್ ಮಾಡುವಾಗ 5 ಎಂದು ತೋರಿಸುತ್ತದೆ, ಕಂಪನಿಯವರು ಮೋಸ ಮಾಡುತ್ತಿದ್ದಾರೆ’ ಎಂಬುದು ಬಹಳ ಸಲ ಬರುವ ದೂರು. ಕಂಪನಿ ಅಳೆಯುವುದು ಬಿಟ್‌ನಲ್ಲಿ, ಡೌನ್‌ಲೋಡ್ ತೋರಿಸುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನಲವತ್ತನ್ನು ಎಂಟರಿಂದ ಭಾಗಿಸಿದರೆ ಐದು, ಲೆಕ್ಕ ಸರಿಯಾಯಿತು. ಆದರೆ ಅಂಕಣ ಇಲ್ಲಿಗೆ ನಿಲ್ಲಬಾರದು. ಹಾಗಾದರೆ 1 ಜಿಬಿಯ ಒಂದು ಸಿನಿಮಾ ಇಳಿಸಿಕೊಳ್ಳಲು ಮೂರು ನಿಮಿಷದ ಮೇಲೆ ಸ್ವಲ್ಪ ಹೊತ್ತು ಬೇಕು, ಹತ್ತು ನಿಮಿಷವಾದರೂ ಇಳಿಯದಿದ್ದರೆ ಆಗ ದೂರು ಕೊಡಿ ಎಂದು ಬರೆದಾಗ ಮಾತ್ರ ಓದುಗರ ಕೈಗೆ ಒಂದು ಅಳತೆಗೋಲು ಸಿಕ್ಕಂತಾಗುತ್ತದೆ.

ಪವರ್ ಬ್ಯಾಂಕಿನದೂ ಇದೇ ಕತೆ. 10,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ದೊಡ್ಡದಾಗಿ ಬರೆದಿರುವುದರಿಂದ 5,000 ಎಂಎಎಚ್ ಬ್ಯಾಟರಿಯ ಫೋನು ಎರಡು ಸಲ ಪೂರ್ತಿ ಚಾರ್ಜ್ ಆಗಬೇಕೆಂದು ಯಾರಾದರೂ ಎಣಿಸುತ್ತಾರೆ. ಒಳಗಿನ ಸೆಲ್ ಸುಮಾರು 3.7 ವೋಲ್ಟ್‌ನದು, ಹೊರಗೆ ಕೊಡಬೇಕಾದದ್ದು 5 ವೋಲ್ಟ್. ಏರಿಸುವ ಹಾದಿಯಲ್ಲಿ ಎಂಎಎಚ್ ಲೆಕ್ಕ ಇಳಿಯುತ್ತದೆ, ಸ್ವಲ್ಪ ಬಿಸಿಯಾಗಿಯೂ ಹೋಗುತ್ತದೆ. ಮೇಲಿನ ತೊಟ್ಟಿಗೆ ನೀರೆತ್ತಿದವರಿಗೆ ಇದನ್ನು ಹೇಳಿಕೊಡುವುದು ಕಷ್ಟವಲ್ಲ: ಬಾವಿಯಿಂದ ಸೇದಿದ ಕೊಡದಲ್ಲಿ ತುಳುಕಿ ಉಳಿದದ್ದು ತೊಟ್ಟಿಗೆ ಸೇರುತ್ತದೆ. ಅದರ ಬೆನ್ನಿಗೇ, ಪವರ್ ಬ್ಯಾಂಕಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ರೇಟೆಡ್ ಕೆಪ್ಯಾಸಿಟಿ’ ಎಂಬ ಸಾಲನ್ನು ಓದಿದ ಮೇಲೆ ಖರೀದಿಸಿ ಎಂದು ಹೇಳಬೇಕು. ಹೋಲಿಕೆ ಅರ್ಥ ಮಾಡಿಸುತ್ತದೆ, ಹಿಂಬದಿಯ ಆ ಸಾಲು ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಎರಡೂ ಬೇಕು.

ಪದಗಳ ವಿಚಾರದಲ್ಲಿ ಹಟ ಬೇಡ. ಅಂತರ್ಜಾಲ, ಜಾಲತಾಣ, ತಂತ್ರಾಂಶ, ಕಡತ ಇವು ಓದುಗರ ನಾಲಿಗೆಗೆ ಹೊಂದಿಕೊಂಡಿವೆ, ಧಾರಾಳವಾಗಿ ಬಳಸಿ. ಮೊಬೈಲನ್ನು ಜಂಗಮವಾಣಿ ಎಂದು ಬರೆದರೆ ಓದುಗರು ಒಂದು ಕ್ಷಣ ತಡವರಿಸುತ್ತಾರೆ. ನನ್ನ ನಿಯಮ ಸರಳವಾದದ್ದು: ಪರದೆಯ ಮೇಲೆ ಯಾವ ಪದ ಕಾಣುತ್ತದೆಯೋ ಅದನ್ನೇ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ, ಅದರ ಕೆಲಸವನ್ನು ಕನ್ನಡದಲ್ಲಿ ವಿವರಿಸುತ್ತೇನೆ. ‘ಬ್ಯಾಕಪ್’ ಎಂಬ ಗುಂಡಿಯನ್ನು ಒತ್ತಬೇಕಾದವರಿಗೆ ನಾನು ಕೊಟ್ಟ ಚೆಂದದ ಕನ್ನಡ ಪದ ಫೋನಿನಲ್ಲಿ ಎಲ್ಲೂ ಕಾಣಿಸದಿದ್ದರೆ ಅವರು ಹುಡುಕುತ್ತಾ ಕೂರುತ್ತಾರೆ.

ವಂಚನೆಯ ಬಗ್ಗೆ ಬರೆಯುವಾಗ ಒಂದೇ ಒಂದು ವಾಕ್ಯ ಓದುಗರ ನೆನಪಿನಲ್ಲಿ ನಿಂತರೆ ಸಾಕು ಎಂಬಂತೆ ಬರೆಯಿರಿ. 2016ರಲ್ಲಿ ಯುಪಿಐ ಬಂದ ಮೇಲೆ ನಾನು ಹಲವು ರೂಪದಲ್ಲಿ ಬರೆದ ವಾಕ್ಯವೆಂದರೆ, ಹಣ ಕಳಿಸಲು ಪಿನ್ ಬೇಕು, ಹಣ ಪಡೆಯಲು ಪಿನ್ ಬೇಡ. ಮದುವೆಯ ಕರೆಯೋಲೆಯ ಹೆಸರಿನಲ್ಲಿ, ಸಂಚಾರ ದಂಡದ ನೋಟಿಸಿನ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತದ (ಫೋನಿನಲ್ಲಿ ಆ್ಯಪ್ ಅಳವಡಿಸುವ ಕಡತ) ಬಗ್ಗೆಯಾದರೆ, ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ‘ಇನ್‌ಸ್ಟಾಲ್ ಮಾಡಿ’ ಎಂದು ಯಾವ ಕರೆಯೋಲೆಯೂ ಕೇಳುವುದಿಲ್ಲ ಎಂಬ ವಾಕ್ಯ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಇಂಥ ಪ್ರತಿ ಅಂಕಣದಲ್ಲೂ ಮತ್ತೆ ಮತ್ತೆ ಬರೆಯಿರಿ. ಹೇಳಿದ್ದನ್ನೇ ಹೇಳುತ್ತಿದ್ದೇನೆಂದು ಸಂಕೋಚಪಡಬೇಡಿ, ಮೊದಲ ಸಲ ಓದುವವರು ಪ್ರತಿ ವಾರವೂ ಇರುತ್ತಾರೆ. ಮೋಸ ಹೋದವರನ್ನು ದಡ್ಡರೆಂಬಂತೆ ಚಿತ್ರಿಸಿದ ಅಂಕಣವನ್ನು ಓದಿದವರು ಮುಂದೆ ತಮಗೆ ಹಾಗಾದಾಗ ಯಾರಿಗೂ ಹೇಳದೆ ಸುಮ್ಮನಾಗುತ್ತಾರೆ, ಹಣ ತಡೆಹಿಡಿಯಲು ಸಿಗುವ ಮೊದಲ ಕೆಲವು ಗಂಟೆಗಳು ಆ ಮೌನದಲ್ಲಿ ಕಳೆದುಹೋಗುತ್ತವೆ.

ಕಣ್ಣಿಗೆ ಕಾಣದ ಒಂದು ಅಕ್ಷರ

ಬರಹವನ್ನು ಯಾವ ಸಾಧನದಲ್ಲೂ ಓದಬಲ್ಲ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ. ಪುಟ ಕಟ್ಟುವ ಹಳೆಯ ವ್ಯವಸ್ಥೆಗಳು ಬೇರೆ ಬಗೆಯ ಫಾಂಟುಗಳನ್ನು ಬಳಸುವುದರಿಂದ ಕಚೇರಿಯಲ್ಲಿ ಅದನ್ನು ಪರಿವರ್ತಿಸಬೇಕಾಗಬಹುದು, ಆ ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಆಗಾಗ ಕೆಡುತ್ತವೆ. ತಂತ್ರಜ್ಞಾನ ಬರಹಕ್ಕೆ ಇದರ ಪೆಟ್ಟು ಉಳಿದವಕ್ಕಿಂತ ಹೆಚ್ಚು, ಏಕೆಂದರೆ ನಮ್ಮ ಪದಗಳಲ್ಲಿ ಬಹುಪಾಲು ಹೊರಗಿನಿಂದ ಬಂದವು. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಬೇರ್ಪಡಿಕೆಯ ಅಕ್ಷರ ಇರಬೇಕು. ಅದು ಬಿದ್ದುಹೋದರೆ ಪತ್ರಿಕೆಯಲ್ಲಿ ‘ಸಾಫ್ಟ್ವೇರ್’ ಎಂದು ಅಚ್ಚಾಗುತ್ತದೆ, ಓದುವವರ ನಾಲಿಗೆ ತೊಡರುತ್ತದೆ. ನಿಮ್ಮ ಕೀಲಿಮಣೆಯಲ್ಲಿ ಆ ಅಕ್ಷರ ಯಾವ ಕೀಲಿಯಲ್ಲಿದೆ ಎಂದು ಕಲಿತುಕೊಳ್ಳಿ. ಬರಹದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕಳಿಸಿದರೆ ಮೂಲದಲ್ಲಿ ಹೇಗಿತ್ತು ಎಂದು ಡೆಸ್ಕಿನವರು ಹೋಲಿಸಿ ನೋಡಬಹುದು.

ಎಚ್ಚರಿಕೆ ಮೊದಲು, ಹೆಜ್ಜೆ ನಂತರ

ಅಂಕಣ ಆರಂಭಿಸಿದ ಎರಡನೆಯ ವರ್ಷ, ನಿಧಾನವಾದ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವ, ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವ ಬಗ್ಗೆ ಬರೆದಿದ್ದೆ. ಹೆಜ್ಜೆಗಳನ್ನು ಒಂದೊಂದಾಗಿ ವಿವರಿಸಿ, ‘ಇದನ್ನೆಲ್ಲ ಮಾಡುವ ಮುನ್ನ ಫೋಟೊಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದನ್ನು ಮರೆಯಬೇಡಿ’ ಎಂಬ ವಾಕ್ಯದಿಂದ ಮುಗಿಸಿದ್ದೆ. ಬರಹ ಅಳತೆಗಿಂತ ಉದ್ದವಾಗಿತ್ತು. ರಾತ್ರಿ ಪುಟಕ್ಕೆ ಜಾಹೀರಾತು ಬಂದಿತು, ಪತ್ರಿಕೆಯ ವಾಡಿಕೆಯಂತೆ ಬರಹವನ್ನು ಕೆಳಗಿನಿಂದ ಕತ್ತರಿಸಿದರು, ಕೊನೆಯ ಆ ವಾಕ್ಯ ಹೋಯಿತು. ಮರುದಿನ ಮಧ್ಯಾಹ್ನ ಒಬ್ಬರು ಫೋನ್ ಮಾಡಿದರು. ತೀರಿಕೊಂಡ ಹೆಂಡತಿಯ ಫೋಟೊಗಳು ಆ ಫೋನಿನಲ್ಲಿದ್ದವು. ಅವರು ನನ್ನನ್ನು ಬಯ್ಯಲಿಲ್ಲ; ‘ಸಾರ್, ವಾಪಸ್ ತರೋದಕ್ಕೆ ಏನಾದ್ರೂ ದಾರಿ ಇದೆಯಾ?’ ಎಂದು ಮಾತ್ರ ಕೇಳಿದರು. ದಾರಿ ಇರಲಿಲ್ಲ.

ಡೆಸ್ಕಿನವರದು ತಪ್ಪೆಂದು ನಾನು ಎಂದೂ ಭಾವಿಸಿಲ್ಲ. ಪತ್ರಿಕೆಯ ಬರಹ ಬಾಲದಿಂದ ಕತ್ತರಿಸಲ್ಪಡುತ್ತದೆ ಎಂದು ತಿಳಿದಿದ್ದೂ ಎಚ್ಚರಿಕೆಯನ್ನು ಬಾಲದಲ್ಲಿಟ್ಟವನು ನಾನು. ಮುಂದಿನ ವಾರದ ಅಂಕಣದ ಮೊದಲ ಪ್ಯಾರಾದಲ್ಲೇ ತಪ್ಪನ್ನು ಒಪ್ಪಿಕೊಂಡು ತಿದ್ದುಪಡಿ ಬರೆದೆ. ಅಂದಿನಿಂದ ಇಂದಿನವರೆಗೆ ಹಿಂದಿರುಗಿಸಲಾಗದ ಯಾವುದೇ ಕ್ರಿಯೆಯ ಬಗ್ಗೆ ಬರೆಯುವಾಗ ಎಚ್ಚರಿಕೆಯನ್ನು ಆ ಹೆಜ್ಜೆಗೆ ಮೊದಲು, ಅದೇ ವಾಕ್ಯದೊಳಗೆ ಕಟ್ಟಿಹಾಕುತ್ತೇನೆ: ‘ಫೋಟೊಗಳೆಲ್ಲ ಪೆನ್‌ಡ್ರೈವ್‌ಗೋ ಕಂಪ್ಯೂಟರಿಗೋ ಹೋಗಿವೆಯೆಂದು ತೆರೆದು ನೋಡಿ ಖಾತ್ರಿಯಾದ ಮೇಲೆ ರೀಸೆಟ್ ಒತ್ತಿ’. ಹೀಗಿದ್ದರೆ ಎಚ್ಚರಿಕೆಯನ್ನು ಕತ್ತರಿಸಬೇಕಾದವರು ಹೆಜ್ಜೆಯನ್ನೂ ಕತ್ತರಿಸಬೇಕಾಗುತ್ತದೆ. ಕಳಿಸುವ ಮುನ್ನ ಇನ್ನೊಂದು ಕೆಲಸವನ್ನೂ ತಪ್ಪದೆ ಮಾಡುತ್ತೇನೆ. ಮನೆಯಲ್ಲಿ ಯಾರಾದರೊಬ್ಬರ ಕೈಗೆ ಫೋನ್ ಕೊಟ್ಟು, ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ; ಬೇರೆ ಒಂದು ಮಾತೂ ಸೇರಿಸುವುದಿಲ್ಲ. ಅವರ ಬೆರಳು ಎಲ್ಲಿ ನಿಂತು ತಡಕಾಡುತ್ತದೆಯೋ ಆ ವಾಕ್ಯವನ್ನು ಮತ್ತೆ ಬರೆಯುತ್ತೇನೆ.

ಕಂಪನಿಗಳು, ಹಣ, ಹಕ್ಕು

ಅಂಕಣ ಜನಪ್ರಿಯವಾದಂತೆ ಕಂಪನಿಗಳ ಪ್ರತಿನಿಧಿಗಳು ಹುಡುಕಿಕೊಂಡು ಬರುತ್ತಾರೆ. ವಿಮರ್ಶೆಗೆ ಫೋನು ಕೊಡುತ್ತಾರೆ, ಬಿಡುಗಡೆ ಸಮಾರಂಭಕ್ಕೆ ವಿಮಾನದ ಟಿಕೆಟ್ ಕಳಿಸುತ್ತಾರೆ. ವಿಮರ್ಶೆಗಾಗಿ ಕೊಟ್ಟ ಸಾಧನವನ್ನು ಪಡೆಯುವುದು ತಪ್ಪಲ್ಲ, ಇಟ್ಟುಕೊಳ್ಳುವುದು ತಪ್ಪು. ಮಾಸ್‌ಬರ್ಗ್ ತಾವು ಬರೆಯುವ ಕಂಪನಿಗಳಿಂದ ಹಣವನ್ನಾಗಲಿ ಉಚಿತ ಸಾಮಗ್ರಿಯನ್ನಾಗಲಿ ಪಡೆಯುವುದಿಲ್ಲವೆಂದೂ, ಅವುಗಳ ಷೇರು ಹೊಂದಿಲ್ಲವೆಂದೂ ಬಹಿರಂಗವಾಗಿ ಬರೆದು ಪ್ರಕಟಿಸಿದ್ದರು. ನೀವೂ ಹೀಗೊಂದು ನಿಯಮವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ, ಸಂಪಾದಕರಿಗೂ ತಿಳಿಸಿ. ಮೊದಲ ಉಡುಗೊರೆ ಮೇಜಿನ ಮೇಲೆ ಬಂದು ಕುಳಿತ ಮೇಲೆ ನಿಯಮ ಮಾಡಲು ಹೊರಟರೆ ಕೈ ನಡುಗುತ್ತದೆ. ಪಡೆದ ಸಾಧನವನ್ನು ಯಾವ ದಿನ ಹಿಂದಿರುಗಿಸಿದಿರಿ ಎಂಬುದಕ್ಕೆ ಕೊರಿಯರ್ ರಸೀತಿ ಇಟ್ಟುಕೊಳ್ಳಿ.

ಕನ್ನಡ ಪತ್ರಿಕೆಗಳ ಅಂಕಣ ಸಂಭಾವನೆಯಿಂದ ಸಂಸಾರ ನಡೆಯುವುದಿಲ್ಲ. ಬೇರೆ ಉದ್ಯೋಗವೊಂದು ಇರಲಿ, ಆದರೆ ಆ ಉದ್ಯೋಗ ನೀವು ವಿಮರ್ಶಿಸುವ ಕಂಪನಿಯಲ್ಲೇ ಆಗಿದ್ದರೆ ಆ ಕಂಪನಿಯ ಬಗ್ಗೆ ಬರೆಯಬೇಡಿ. ಬರಹಗಳನ್ನು ಮುಂದೆ ಪುಸ್ತಕವಾಗಿಸುವ ಹಕ್ಕು ಯಾರದೆಂದು ಆರಂಭದಲ್ಲೇ ಇಮೇಲಿನಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ.

ಹಳೆಯ ಅಂಕಣಗಳ ಬಗ್ಗೆ ಒಂದು ಮಾತು ಉಳಿದಿದೆ. ಯಾವ ಫೋನಿನಲ್ಲಿ, ಆಂಡ್ರಾಯ್ಡ್‌ನ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಬರಹದ ಒಳಗೇ ಒಂದು ವಾಕ್ಯದಲ್ಲಿ ಹೇಳಿ. ಪತ್ರಿಕೆಯ ಓದುಗರು ಅಂಕಣವನ್ನು ಕತ್ತರಿಸಿ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಮ್ಮೆ ಸಭೆಯೊಂದು ಮುಗಿದ ಮೇಲೆ ವೃದ್ಧರೊಬ್ಬರು ಜೇಬಿನಿಂದ ನಾಲ್ಕು ಮಡಿಕೆಯ ಹಳದಿಯಾದ ಕತ್ತರಿಕೆಯನ್ನು ತೆಗೆದು, ಪಕ್ಕದಲ್ಲಿ ತಮ್ಮ ಹೊಸ ಫೋನನ್ನಿಟ್ಟು, ‘ನೀವು ಇಲ್ಲಿ ಬರೆದಿರೋ ಗುಂಡಿ ಇದರಲ್ಲಿ ಎಲ್ಲಿದೆ?’ ಎಂದು ಕೇಳಿದರು. ಬರಹಕ್ಕೆ ಮೂರು ವರ್ಷವಾಗಿತ್ತು, ಗುಂಡಿ ಬೇರೊಂದು ಮೆನುವಿನೊಳಗೆ ಹೋಗಿ ಕುಳಿತಿತ್ತು. ಕುರ್ಚಿ ಎಳೆದುಕೊಂಡು ಇಬ್ಬರೂ ಹುಡುಕಿದೆವು. ಸಿಕ್ಕಿದ ಕೂಡಲೇ ಅವರು ಪೆನ್ನು ತೆಗೆದು ಕತ್ತರಿಕೆಯ ಅಂಚಿನಲ್ಲಿ ಹೊಸ ದಾರಿಯನ್ನು ಬರೆದುಕೊಂಡರು. ನಾನು ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಮುಂದಿನ ವಾರದ ಅಂಕಣಕ್ಕೆಂದು ಬರೆದುಕೊಂಡೆ.